ನಾನು ತಂದ ಕಾಯಿ

ಆ ವರ್ಷ ಆಯುಧಪೂಜೆಗೆ ನಮ್ಮ ವಿಭಾಗದ ತೆಂಗಿನಕಾಯಿ ತಂದವಳು ನಾನು. ಹಿಂದಿನ ದಿನ ದಾಸರಹಳ್ಳಿಯಲ್ಲಿ, ಅಂಗಡಿಯವನು ರೇಗುವವರೆಗೆ ಒಂದೊಂದು ಕಾಯಿಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ನೀರು ತುಂಬಿದ್ದನ್ನು ಆರಿಸಿದ್ದೆ. ಮನೆಯಲ್ಲಿ ಕೂತು ಜುಟ್ಟು ಮಾತ್ರ ಬಿಟ್ಟು ನಾರನ್ನೆಲ್ಲ ಕಿತ್ತೆ. ಅಮ್ಮ ನೋಡುತ್ತಿದ್ದಳು. "ಯಾಕೆ ಅಷ್ಟು ನುಣ್ಣಗೆ ಮಾಡ್ತಿದ್ದೀಯೇ, ಮದುವೆಗಾ?" ಎಂದಳು. ನಾನು ನಕ್ಕೆ.

ನಮ್ಮದು ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆ. ಹೈಡ್ರಾಲಿಕ್ ವಾಲ್ವ್‌ಗಳ ಎರಕದ ಬಾಡಿಗಳನ್ನು ಕೊರೆದು, ಒಳಗಿನ ರಂಧ್ರವನ್ನು ಉಜ್ಜಿ ನಯಮಾಡಿ ದೊಡ್ಡ ಕಂಪನಿಯೊಂದಕ್ಕೆ ಕೊಡುತ್ತೇವೆ. ನಾನು ಗುಣಮಟ್ಟ ವಿಭಾಗದಲ್ಲಿ, ಗೇಜ್ ರೂಮಿನಲ್ಲಿ. ಅಳತೆಯ ಉಪಕರಣಗಳೆಲ್ಲ ನನ್ನ ಸುಪರ್ದಿ. ನಮ್ಮಲ್ಲಿ ಬಡ್ತಿಯ ಪತ್ರ ಆಮೇಲೆ ಬರುತ್ತದೆ, ಮೊದಲು ಕಾಯಿ. ಪ್ರತಿ ವಿಭಾಗದ ಕಾಯಿಯನ್ನು ಆ ವಿಭಾಗದ ಇನ್‌ಚಾರ್ಜೇ ಒಡೆಯಬೇಕು. ನಮ್ಮ ಹಳೆಯ ಇನ್‌ಚಾರ್ಜ್ ಹಿಂದಿನ ತಿಂಗಳು ನಿವೃತ್ತರಾಗಿದ್ದರು. ವಿಭಾಗದಲ್ಲಿ ಬಿ.ಇ. ಮಾಡಿದವಳು ನಾನೊಬ್ಬಳೇ. ನಮ್ಮ ಮನೆತನದಲ್ಲೇ ಮೊದಲ ಡಿಗ್ರಿ ನನ್ನದು. ಗಾರ್ಮೆಂಟ್ಸ್‌ನಲ್ಲಿ ದುಡಿದು ಅಮ್ಮ ಓದಿಸಿದ್ದು. ಯಾವ ಕಾಗದಕ್ಕೆ ಸಹಿ ಹಾಕಿದರೂ ಹೆಸರಿನ ಮುಂದೆ ಬಿ.ಇ. ಅಂತ ಬರೆಯುವುದು ನನ್ನ ಅಭ್ಯಾಸ. ಹಾಜರಿ ಪುಸ್ತಕದಲ್ಲೂ ಬರೆಯುತ್ತಿದ್ದೆ.

ಪೂಜೆಯ ಹೊತ್ತಿಗೆ ಎಲ್ಲರೂ ನಮ್ಮ ವಿಭಾಗದ ಮುಂದೆ ನಿಂತಿದ್ದರು. ಮ್ಯಾನೇಜರ್ ಮಂಗಳಾರತಿ ಮುಗಿಸಿ ತಿರುಗಿದರು. ಕಾಯಿ ಹಿಡಿದ ನನ್ನ ಕೈ ಆಗಲೇ ಕಲ್ಲಿನ ಮೇಲೆ ಎದ್ದಿತ್ತು. ಅವರು ನನ್ನ ಭುಜದ ಮೇಲಿಂದ ಹಿಂದೆ ನೋಡಿದರು.

"ಏನಪ್ಪಾ, ಹಿಂದೆ ಯಾಕ್ ನಿಂತಿದ್ದೀಯ? ಬಾ, ಒಡಿ. ಇನ್ಮೇಲೆ ನಿಂದೇ ಜವಾಬ್ದಾರಿ."

ಹಿಂದೆ ನಿಂತಿದ್ದವನು ನನಗಿಂತ ಆರು ವರ್ಷ ಚಿಕ್ಕವನು. ಡಿಪ್ಲೊಮಾ. ಟ್ರೇನಿಯಾಗಿ ನನ್ನ ಕೈಕೆಳಗೇ ಸೇರಿದ್ದ. ಮೊದಲ ವಾರ ಮೈಕ್ರೋಮೀಟರನ್ನು ನಟ್ಟು ಬಿಗಿಯುವ ಹಾಗೆ ಬಿಗಿದಿದ್ದಕ್ಕೆ ಎಲ್ಲರೆದುರು ಬೈದಿದ್ದೆ. ಈಗ ಮುಂದೆ ಬಂದು, ನನಗೆ ಮಾತ್ರ ಕೇಳುವ ಹಾಗೆ, "ಅಕ್ಕಾ, ನೀವೇ ಒಡೀರಿ, ಪರವಾಗಿಲ್ಲ" ಎಂದ. ಆ 'ಪರವಾಗಿಲ್ಲ' ಎದೆಗೆ ಚುಚ್ಚಿತು.

"ಸಾರ್ ಹೇಳಿದ್ದಾರಲ್ಲ, ಒಡಿ" ಎಂದು ನಾನೇ ಕಾಯಿಯನ್ನು ಅವನ ಕೈಗೆ ಕೊಟ್ಟೆ. ಹಾಳಾದ್ದು, ಒಂದೇ ಏಟಿಗೆ ಸಮನಾಗಿ ಎರಡು ಹೋಳಾಯಿತು. ಅಷ್ಟು ಚೆನ್ನಾಗಿ ಆರಿಸಿದ್ದೆ.

ಪ್ಯಾಕಿಂಗ್ ವಿಭಾಗದ ಹೆಂಗಸರು ನನ್ನನ್ನು ಸುತ್ತುವರಿದರು. "ಹೆಣ್ಣು ಅಂತ ಬಿಟ್ರು ಬಿಡಿ ಮೇಡಂ." ಇನ್ನೊಬ್ಬಳು, "ಆ ಹುಡುಗನ ಮನೆಯವರದ್ದು ಇದೇ ಊರು, ನಾಲ್ಕು ಶೆಡ್ಡು ಬಾಡಿಗೆಗೆ ಬಿಟ್ಟವ್ರೆ, ಮ್ಯಾನೇಜರ್‌ಗೆ ಬೇಕಾದವರು" ಎಂದಳು. ಎರಡನ್ನೂ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ಎರಡೂ ಸ್ವಲ್ಪ ಸ್ವಲ್ಪ ನಿಜವಿರಬಹುದು. ಇನ್ನೊಂದು ಕಾರಣವೂ ಇತ್ತು, ಅದನ್ನು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಪರೇಟರುಗಳು ತಮ್ಮ ತಪ್ಪನ್ನು ಅವನ ಹತ್ತಿರ ಹೋಗಿ ಹೇಳಿಕೊಳ್ಳುತ್ತಿದ್ದರು. ನನ್ನನ್ನು ಕಂಡರೆ ಮುಚ್ಚಿಡುತ್ತಿದ್ದರು.

ಗೇಜ್ ರೂಮಿನ ಪೂಜೆ ಪ್ರತಿವರ್ಷ ನನ್ನದೇ. ಬಾಗಿಲು ಹಾಕಿಕೊಂಡೆ. ಅಲ್ಲಿ ಮರದ ಡಬ್ಬಿಯಲ್ಲಿ ಒಂದು ಉಕ್ಕಿನ ಉಂಗುರವಿದೆ, ಮಾಸ್ಟರ್ ರಿಂಗ್ ಅನ್ನುತ್ತೇವೆ. ಅದರ ರಂಧ್ರ ಸರಿಯಾಗಿ ಇಪ್ಪತ್ತು ಮಿಲಿಮೀಟರ್. ಉಳಿದೆಲ್ಲ ರಂಧ್ರಗಳಿಗೆ ಅದೇ ಮಾದರಿ. "ಅರಿಶಿನ ಕುಂಕುಮ ಡಬ್ಬಿಗೆ, ಎಣ್ಣೆ ರಿಂಗಿಗೆ. ಇದನ್ನು ಮಾತ್ರ ಅದಲುಬದಲು ಮಾಡಬೇಡಮ್ಮ" ಎಂದು ಹಳೆಯ ಇನ್‌ಚಾರ್ಜ್ ಪ್ರತಿವರ್ಷ ನಗುತ್ತ ಹೇಳುತ್ತಿದ್ದರು. ಆ ದಿನ ನಾನು ರಿಂಗನ್ನೇ ಹೊರಗೆ ತೆಗೆದೆ. ಯಾಕೆ ಎಂದು ಈಗಲೂ ಸರಿಯಾಗಿ ಹೇಳಲಾರೆ. ಇದೊಂದಾದರೂ ನನ್ನದು ಅನ್ನಿಸಿರಬೇಕು. ಕಲಸಿದ ಅರಿಶಿನವನ್ನು ರಿಂಗಿನ ಮುಖಕ್ಕೆ ಹಚ್ಚಿ, ಮೇಲೆ ಕುಂಕುಮ ಇಟ್ಟೆ. ಹಚ್ಚುವಾಗ ಅರಿಶಿನದ ಹೆಬ್ಬೆರಳು ರಂಧ್ರದೊಳಗೂ ಹೋಗಿತ್ತು. ಕೈ ಮುಗಿದು, ಬಟ್ಟೆಯಲ್ಲಿ ರಿಂಗಿನ ಮುಖ ಒರೆಸಿ, ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿ ಡಬ್ಬಿ ಮುಚ್ಚಿದೆ. ಸ್ಪಿರಿಟ್ ಹಾಕಿ ಒಳಗೆ ತೊಳೆಯಬೇಕಿತ್ತು. ಹಬ್ಬ ಮುಗಿದ ಮೇಲೆ ತೊಳೆದರಾಯಿತು ಅಂದುಕೊಂಡೆ.

ಹೊರಡುವಾಗ ಆ ಹೊಸ ಇನ್‌ಚಾರ್ಜ್ ಗೇಟಿನವರೆಗೆ ಓಡಿಬಂದು ಕಾಯಿಯ ಒಂದು ಹೋಳನ್ನು ಕೈಗಿತ್ತ. "ನೀವು ತಂದ ಕಾಯಿ ಅಕ್ಕಾ." ಸುತ್ತ ಜನರಿದ್ದರು, ಬೇಡ ಎನ್ನಲಾಗಲಿಲ್ಲ.

ಮನೆಯಲ್ಲಿ ಅಮ್ಮ ಆ ಹೋಳನ್ನು ನೋಡಿದಳು. ಒಡೆದವರು ಒಂದು ಹೋಳನ್ನು ಮನೆಗೆ ತರುತ್ತಾರೆ ಎಂದು ಅವಳಿಗೆ ನಾನೇ ಹಿಂದೆ ಹೇಳಿದ್ದೆ. ಅವಳ ಮುಖ ಅರಳಿತು. "ಆಯ್ತಾ?" ಎಂದಳು. ನಾನು ಚಪ್ಪಲಿ ಬಿಡುತ್ತಿದ್ದೆ. "ಹೂಂ, ಪೂಜೆ ಆಯ್ತು" ಎಂದೆ. ಅವಳು ಕೇಳಿದ್ದು ಪೂಜೆಯನ್ನಲ್ಲ. ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ಅವಳು ಮನೆ ಓನರ್ ಆಂಟಿಯ ಬಾಗಿಲಲ್ಲಿದ್ದಳು.

ಹಬ್ಬದ ರಜೆ ಮುಗಿಸಿ ಹೋದ ಮೇಲೆ ನನ್ನ ಮಾತಿನ ರೀತಿಯೇ ಬದಲಾಯಿತು. ಇಷ್ಟು ವರ್ಷ 'ನೀನು' ಅಂದವನನ್ನು 'ನೀವು' ಅನ್ನಲು ನಾಲಿಗೆ ಏಳಲಿಲ್ಲ. 'ನೀನು' ಅನ್ನುವ ಹಾಗೂ ಇರಲಿಲ್ಲ. ಹಾಗಾಗಿ ಎರಡೂ ಇಲ್ಲದ ವಾಕ್ಯಗಳನ್ನು ಕಟ್ಟುವುದನ್ನು ಕಲಿತೆ. "ಇದಕ್ಕೊಂದು ಸಹಿ ಆಗ್ಬೇಕಿತ್ತು." "ರಿಪೋರ್ಟ್ ನೋಡಿದ್ದಾಯ್ತಾ?" "ಮೀಟಿಂಗ್‌ಗೆ ಹೋಗೋದಿದ್ಯಾ?" ನಮ್ಮ ಭಾಷೆಯಲ್ಲಿ ಯಾರು ಮಾಡಿದರೆಂದು ಹೇಳದೆಯೇ ದಿನಗಟ್ಟಲೆ ಮಾತಾಡಬಹುದು ಎಂದು ನನಗೆ ಗೊತ್ತಾಗಿದ್ದು ಆಗಲೇ.

ಒಮ್ಮೆ ಹೇಳಿಯೂಬಿಟ್ಟೆ. "ಫ್ಯಾಕ್ಟರಿ ಒಳಗೆ ಅಕ್ಕ ಗಿಕ್ಕ ಬೇಡ. ಮೇಡಂ ಅಂದ್ರೆ ಸಾಕು."

ಹೊಸ ಇನ್‌ಚಾರ್ಜ್ ತಲೆಯೆತ್ತಿ ನೋಡಿ, "ಆಯ್ತು ಮೇಡಂ" ಎಂದರು. ಮತ್ತೆಂದೂ ಅಕ್ಕ ಅನ್ನಲಿಲ್ಲ.

ಇನ್ನೊಂದೂ ಬದಲಾಯಿತು, ಅದನ್ನು ಬರೆಯುವುದು ಕಷ್ಟ. ಪ್ರತಿದಿನ ಪಾಳಿ ಶುರುವಾಗುವ ಮುನ್ನ ಮಾಸ್ಟರ್ ರಿಂಗನ್ನು ಸ್ಪಿರಿಟ್‌ನಲ್ಲಿ ತೊಳೆದು, ಯಂತ್ರದ ಹತ್ತಿರ ಒಯ್ದು, ಅಲ್ಲಿಯ ಏರ್ ಗೇಜನ್ನು ಅದರಿಂದ ಸೊನ್ನೆಗೆ ಕೂರಿಸಬೇಕು. ಏರ್ ಗೇಜಿನದು ಒಂದು ದಪ್ಪ ಕಡ್ಡಿ, ಅದರ ಪಕ್ಕಗಳಲ್ಲಿ ಸಣ್ಣ ತೂತು. ರಂಧ್ರದೊಳಗೆ ಇಟ್ಟಾಗ ತೂತಿನಿಂದ ಗಾಳಿ ಎಷ್ಟು ಸಲೀಸಾಗಿ ಹೊರಗೆ ಹೋಗುತ್ತದೋ ಅದರಿಂದ ಅಳತೆ ತಿಳಿಯುತ್ತದೆ. ಕಾರ್ಡಿನಲ್ಲಿ 'ರಿಂಗ್ ತೊಳೆದಿದೆ' ಎಂಬಲ್ಲಿ ಒಂದು ಟಿಕ್, 'ಸೊನ್ನೆ ಕೂರಿಸಿದೆ' ಎಂಬಲ್ಲಿ ಇನ್ನೊಂದು. ಹಬ್ಬದ ಮೇಲೆ ನಾನು ಎರಡನೆಯದನ್ನು ಮಾಡುತ್ತಿದ್ದೆ, ಮೊದಲನೆಯದಕ್ಕೆ ಟಿಕ್ ಮಾತ್ರ ಹಾಕುತ್ತಿದ್ದೆ. ಒಣಬಟ್ಟೆಯಲ್ಲಿ ಮೇಲೆ ಮೇಲೆ ಒರೆಸಿದರಾಯಿತು. ನನ್ನನ್ನು ಕಡೆಗಣಿಸಿದ ಇವರಿಗೆ ಇಷ್ಟು ಸಾಕು ಎಂಬುದು ಆಗಿನ ನನ್ನ ಲೆಕ್ಕ. ಟಿಕ್ಕಿನ ಪಕ್ಕ ಸಹಿ, ಸಹಿಯ ಮುಂದೆ ಬಿ.ಇ.

ಮೂರನೇ ವಾರ ಗ್ರಾಹಕ ಕಂಪನಿಯಿಂದ ದೂರು ಬಂತು. ನಮ್ಮ ಬಾಡಿಗಳೊಳಗೆ ಸ್ಪೂಲ್ ಸಿಕ್ಕಿಕೊಳ್ಳುತ್ತಿದೆ, ರಂಧ್ರ ನಾಲ್ಕು ಮೈಕ್ರಾನ್ ಚಿಕ್ಕದು, ಇಡೀ ಲಾಟ್ ನಿಲ್ಲಿಸಿದ್ದೇವೆ, ಕಾರಣ ತಿಳಿಸಿ. ನಾಲ್ಕು ಮೈಕ್ರಾನ್ ಎಂದರೆ ತಲೆಗೂದಲೊಂದನ್ನು ಉದ್ದಕ್ಕೆ ಹದಿನೈದಾಗಿ ಸೀಳಿದರೆ ಒಂದು ಸೀಳಿನಷ್ಟು. ಕಣ್ಣಿಗೆ ಕಾಣುವುದಲ್ಲ. ಆದರೆ ವಾಲ್ವಿನೊಳಗೆ ಹಿಂದೆ ಮುಂದೆ ಓಡಾಡಬೇಕಾದ ಸ್ಪೂಲ್ ಅಷ್ಟಕ್ಕೇ ನಿಂತುಬಿಡುತ್ತದೆ.

ಹೊಸ ಇನ್‌ಚಾರ್ಜ್ ಮೊದಲು ಬಂದದ್ದು ಗೇಜ್ ರೂಮಿಗೆ. ಬಾಗಿಲಲ್ಲೇ ನಿಂತರು.

"ಮೇಡಂ, ರಿಂಗ್ ಒಂದ್ಸಲ ನೋಡೋಣ್ವಾ? ಸುಮ್ನೆ."

"ಸುಮ್ನೆ ಅಂದ್ರೆ?"

"ಅಲ್ಲ, ಗೇಜ್‌ನಿಂದಲೇ ಶುರು ಮಾಡಿದ್ರೆ..."

ನಾನು ಕಪಾಟಿನಿಂದ ಫೈಲು ತೆಗೆದು ಮೇಜಿನ ಮೇಲೆ ಇಟ್ಟೆ, ಇಟ್ಟೆ ಎನ್ನುವುದಕ್ಕಿಂತ ಎಸೆದೆ. "ಲ್ಯಾಬಿನ ಸರ್ಟಿಫಿಕೇಟು. ಇನ್ನೂ ಏಳು ತಿಂಗಳು ಅವಧಿ ಇದೆ. ದಿನದಿನದ ಕಾರ್ಡು ಕೆಳಗಿದೆ. ಎಂಟು ವರ್ಷದಲ್ಲಿ ಈ ರೂಮಿಂದ ಒಂದು ತಪ್ಪು ಆಚೆ ಹೋಗಿದ್ರೆ ಹೇಳಬಹುದು. ಮೈಕ್ರೋಮೀಟರ್ ಹಿಡಿಯೋದು ಎಲ್ಲಿ ಕಲಿತದ್ದು ಅನ್ನೋದು ನೆನಪಿದ್ರೆ ಸಾಕು."

ಅವರ ಕಿವಿ ಕೆಂಪಾಯಿತು. ಫೈಲನ್ನು ತೆರೆಯಲೇ ಇಲ್ಲ. "ಮೇಡಂ ಹೇಳಿದ್ರೆ ಮುಗೀತು" ಎಂದು ಹೊರಟುಹೋದರು. ಗೆದ್ದೆ ಅಂದುಕೊಂಡೆ. ಹಬ್ಬದ ದಿನದ ನಂತರ ಮೊದಲ ಬಾರಿಗೆ ಹೊಟ್ಟೆ ತುಂಬ ಊಟ ಮಾಡಿದೆ.

ಗೇಜು ಸರಿ ಎಂದ ಮೇಲೆ ಉಳಿದದ್ದು ಹೋನಿಂಗ್ ಯಂತ್ರ, ಅಂದರೆ ರಂಧ್ರವನ್ನು ಕಲ್ಲಿನಿಂದ ಉಜ್ಜಿ ಕೊನೆಯ ಅಳತೆಗೆ ತರುವ ಜಾಗ. ಆ ಯಂತ್ರದ ಆಪರೇಟರ್ ನಮ್ಮಲ್ಲೇ ಹಿರಿಯರು, ಮಾಗಡಿ ಕಡೆಯವರು, ಎಲ್ಲರಿಗೂ ಅಣ್ಣ. ಉಜ್ಜುವಾಗ ಪೀಸು ಬಿಸಿಯಾಗುತ್ತದೆ, ಬಿಸಿಯಾದದ್ದು ಹಿಗ್ಗುತ್ತದೆ. ಬಿಸಿಯಿರುವಾಗಲೇ ಅಳೆದರೆ ಸರಿಯಿದೆ ಎಂದು ತೋರಿಸಿ, ತಣ್ಣಗಾದ ಮೇಲೆ ಕುಗ್ಗುತ್ತದೆ. ಮ್ಯಾನೇಜರ್ ಎದುರಲ್ಲೇ ಪ್ರಯೋಗವಾಯಿತು. ಒಂದು ಪೀಸನ್ನು ಯಂತ್ರದಿಂದ ಇಳಿಸಿದ ಕೂಡಲೇ ಅಳೆದರು, ಒಂದು ಗಂಟೆ ಬಿಟ್ಟು ಮತ್ತೆ ಅಳೆದರು. ವ್ಯತ್ಯಾಸ ಸರಿಯಾಗಿ ನಾಲ್ಕು ಮೈಕ್ರಾನ್. ಆ ಲಾಟಿನ ತಣ್ಣಗಾದ ಮಾಲು ಕಾರ್ಖಾನೆಯಲ್ಲಿ ಒಂದೂ ಉಳಿದಿರಲಿಲ್ಲ, ಅಳೆದು ತಾಳೆ ನೋಡಲು. ಲೆಕ್ಕ ಕೂಡಿತಲ್ಲ, ಯಾರೂ ಮುಂದೆ ಹುಡುಕಲಿಲ್ಲ.

"ಅವಸರಕ್ಕೆ ಬಿಸಿ ಬಿಸೀನೇ ಅಳೆದು ಬಿಸಾಕಿದ್ದೀಯ" ಎಂದರು ಮ್ಯಾನೇಜರ್. "ನಾಳೆ ಬೆಳಗ್ಗೆ ತಪ್ಪೊಪ್ಪಿಗೆ ಬರೆದುಕೊಡು. ಗ್ರಾಹಕರಿಗೆ ರಿಪೋರ್ಟ್ ಜೊತೆ ಹೋಗಬೇಕು. ಆಮೇಲೆ ನಿನ್ನ ಇಟ್ಕೋಬೇಕೋ ಬೇಡ್ವೋ ನೋಡ್ತೀನಿ."

ಆ ಮಧ್ಯಾಹ್ನ ಅಣ್ಣ ಗೇಜ್ ರೂಮಿಗೆ ಬಂದರು. ಕೈಯಲ್ಲಿ ರೂಲು ಹಾಕಿದ ಒಂದು ಹಾಳೆ.

"ಮೇಡಂ, ನೀವು ಓದ್ದೋರು. ನಂಗೆ ಬರೆಯಕ್ಕೆ ಬರಾಕಿಲ್ಲ. ಎಂಗೆ ಬರೀಬೇಕೋ ಅಂಗೆ ಬರ್ದುಕೊಡಿ, ಸಹಿ ಆಕ್ತೀನಿ."

ಕೂರಿಸಿದೆ. ಪೆನ್ನು ತೆಗೆದೆ. ಇಂಥ ಕಾಗದ ಬರೆಯುವುದರಲ್ಲಿ ನಾನು ಚುರುಕು. 'ಪೀಸು ಬಿಸಿಯಿರುವಾಗಲೇ ಅಳೆದಿದ್ದು ನನ್ನ ತಪ್ಪು' ಎಂದು ದುಂಡಗಿನ ಅಕ್ಷರದಲ್ಲಿ ಬರೆದು, ಓದಿ ಹೇಳಿದೆ.

"ಸರಿ" ಎಂದರು. ಆಮೇಲೆ ಹಾಳೆಯನ್ನು ನೋಡುತ್ತ, "ಆದ್ರೆ ನಾನು ಅಂಗ್ ಅಳೆದಿಲ್ಲ ಮೇಡಂ. ಸೀಮೆಎಣ್ಣೆ ಬಕೀಟ್‌ನಾಗೆ ಮುಳುಗ್ಸಿ, ಬೀಡಿ ಸೇದ್ಕಂಡು ಬಂದು, ಆಮ್ಯಾಕೆ ಅಳೆಯೋದು. ಇವತ್ತಾ ನೆನ್ನೆಯಾ, ಇಪ್ಪತ್ತು ವರ್ಸದಿಂದ."

"ಹಾಗಿದ್ರೆ ಹಾಗಂತ ಹೇಳಬೇಕಿತ್ತು."

"ಯೋಳ್ದೆ. ಯಾರ್ ಕೇಳ್ತಾರೆ? ಗೇಜು ಸರಿ ಐತೆ ಅಂತ ನೀವೇ ಯೋಳಿದ್ದೀರಂತೆ. ಬಿ.ಇ. ಮಾಡಿರೋ ಮೇಡಮ್ಮು ಸುಳ್ಳು ಯೋಳ್ತಾರಾ ಅಂದ್ರು." ಹಾಳೆಗೆ ಸಹಿ ಹಾಕಿ ಎದ್ದರು, ಬಾಗಿಲ ಹತ್ತಿರ ನಿಂತರು. "ಅಬ್ಬ ಆದಾಗಿಂದ ನನ್ನ ಅಳೇ ಪ್ಲಗ್ಗು ಬಿಗಿ ಓಗ್ತಾ ಇತ್ತು. ನಿಮ್ಗೆ ಯೋಳಾನಾ ಅಂತ ಎಲ್ಡು ಸಲ ಬಂದೆ. ನಿಮ್ ಮಕ ನೋಡಿ ವಾಪಸ್ ಓದೆ."

ಹಳೆಯ ಪ್ಲಗ್ಗು ಎಂದರೆ ಅವರ ಪೆಟ್ಟಿಗೆಯಲ್ಲಿರುವ ಒಂದು ಸವೆದ ಉಕ್ಕಿನ ತುಂಡು. ಲೆಕ್ಕಕ್ಕಿಲ್ಲ ಎಂದು ನಾನೇ ಪಟ್ಟಿಯಿಂದ ಹೊಡೆದುಹಾಕಿದ್ದೆ. ಅವರು ಅದನ್ನು ರಂಧ್ರದೊಳಗೆ ಇಳಿಸಿ ಬರಿಯ ಬೆರಳಿನಿಂದ ತಿಳಿಯುತ್ತಾರೆ.

ಅವರು ಹಾಳೆಯನ್ನು ಮ್ಯಾನೇಜರ್‌ಗೆ ಕೊಡಲು ಹೋದರು. 'ಅಬ್ಬ ಆದಾಗಿಂದ' ಎಂಬ ಮಾತು ಕೋಣೆಯಲ್ಲೇ ಉಳಿಯಿತು. ಡಬ್ಬಿ ತೆರೆದು, ರಿಂಗನ್ನು ದೀಪಕ್ಕೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಒಳಗೋಡೆ ಕನ್ನಡಿಯ ಹಾಗಿರಬೇಕು. ಒಂದು ಕಡೆ ಮಂಕಾದ, ಜೇನಿನ ಬಣ್ಣದ ತೆಳುಪರೆ. ಅರಿಶಿನ ಎಣ್ಣೆಯಲ್ಲಿ ಕಲೆತು, ಒಣಗಿ, ವಾರ್ನಿಷ್ ಬಳಿದ ಹಾಗೆ ಕೂತಿತ್ತು. ಬಿಳಿ ಬಟ್ಟೆಯ ತುದಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ರಂಧ್ರದ ಅಂಚಿಗೆ ಮುಟ್ಟಿಸಿದೆ. ಹಳದಿ ಹತ್ತಿತು.

ಅರ್ಥಮಾಡಿಕೊಳ್ಳಲು ಬಿ.ಇ. ಬೇಡ. ರಿಂಗಿನೊಳಗೆ ಪರೆ ಇದ್ದರೆ ಅದರ ರಂಧ್ರ ಅಷ್ಟು ಚಿಕ್ಕದು. ಆ ಚಿಕ್ಕದನ್ನೇ ಸರಿ ಎಂದು ಗೇಜಿಗೆ ನಾನು ಪ್ರತಿದಿನ ಕಲಿಸುತ್ತಿದ್ದೆ. ಆಮೇಲೆ ಚಿಕ್ಕ ರಂಧ್ರಗಳೆಲ್ಲ ಸರಿ ಎಂದೇ ತೋರಿಸುತ್ತಿದ್ದವು.

ಬಟ್ಟೆ ಹಿಡಿದ ಕೈ ಅಲ್ಲಿಯೇ ನಿಂತಿತು. ಒಂದೇ ನಿಮಿಷದ ಕೆಲಸ. ಪೂರ್ತಿ ಒರೆಸಿಬಿಟ್ಟರೆ ರಿಂಗು ಸರಿಯಾಗುತ್ತದೆ, ನಾಳೆಯ ಮಾಲು ಸರಿಯಾಗುತ್ತದೆ, ಅಣ್ಣ ತಪ್ಪೊಪ್ಪಿಕೊಂಡ ಮೇಲೆ ಜಾಗ್ರತೆಯಾಗಿ ಅಳೆಯುತ್ತಿದ್ದಾರೆ ಎಂದು ಎಲ್ಲರೂ ನಂಬುತ್ತಾರೆ. ಯಾರಿಗೂ ಎಂದೂ ಗೊತ್ತಾಗುವುದಿಲ್ಲ. ಒರೆಸದೆ ಬಿಟ್ಟರೆ ಹೊರಗೆ ಯಂತ್ರ ಓಡುತ್ತಿದೆ, ಗಂಟೆಗೆ ಹನ್ನೆರಡು ತಪ್ಪು ಪೀಸು. ರಿಂಗಿಗೆ ಕೆಂಪು ಚೀಟಿ ಕಟ್ಟಿ ಕೆಲಸ ನಿಲ್ಲಿಸಬಹುದು, ಆದರೆ ಕೆಂಪು ಚೀಟಿಗೆ ಇನ್‌ಚಾರ್ಜ್ ಸಹಿ ಬೇಕು. ಯಾವ ಕಡೆ ತಿರುಗಿದರೂ ಆ ಮನುಷ್ಯನ ಎದುರೇ ಹೋಗಿ ನಿಲ್ಲಬೇಕು, ಮೂರು ದಿನದ ಹಿಂದೆ ಯಾರ ಮುಂದೆ ಫೈಲು ಎಸೆದಿದ್ದೆನೋ ಅವರ ಎದುರು.

ಕಿಟಕಿಯಾಚೆ ಅಣ್ಣ ಕಾಣುತ್ತಿದ್ದರು. ಪೀಸನ್ನು ಬಕೆಟ್ಟಿನಲ್ಲಿ ಮುಳುಗಿಸಿ, ಗೋಡೆಯ ಗಡಿಯಾರ ನೋಡುತ್ತ ಕೈಕಟ್ಟಿ ನಿಂತಿದ್ದರು. ಬೀಡಿಗೂ ಹೋಗಿರಲಿಲ್ಲ. ಮಾಡದ ತಪ್ಪನ್ನು ತಿದ್ದಿಕೊಳ್ಳುತ್ತಿದ್ದರು.

ನಾನು ಬಟ್ಟೆಯನ್ನು ಜೇಬಿಗೆ ತುರುಕಿ, ಡಬ್ಬಿ ಮುಚ್ಚಿ, ಪಾಳಿ ಮುಗಿದ ಕೂಡಲೇ ಮನೆಗೆ ಹೋದೆ. ಇದನ್ನು ಮುಚ್ಚಿಡುವುದಿಲ್ಲ. ಆ ದಿನ ನಾನು ಹೇಳಲಿಲ್ಲ.

ಮನೆಯಲ್ಲಿ ಅಮ್ಮ ಹೊಸ ವರಾತ ಹಿಡಿದಿದ್ದಳು. ಓನರ್ ಆಂಟಿಯ ಮಗಳಿಗೆ ನಮ್ಮ ಕಾರ್ಖಾನೆಯಲ್ಲಿ ಒಂದು ಕೆಲಸ ಕೊಡಿಸಬೇಕಂತೆ. "ನೀನೇ ಇನ್‌ಚಾರ್ಜ್ ಅಲ್ವಾ, ಒಂದು ಮಾತು ಹಾಕಿದ್ರೆ ಆಗಲ್ವಾ?" ಎಂದಳು. "ನೋಡ್ತೀನಿ" ಎಂದೆ. ಜೇಬಿನಲ್ಲಿ ಹಳದಿ ಬಟ್ಟೆ. ಅಮ್ಮ ಗಾರ್ಮೆಂಟ್ಸ್‌ನಲ್ಲಿ ಚೆಕ್ಕರ್ ಆಗಿದ್ದವಳು. ಅವಳು ನೋಡಿದ ಪ್ರತಿ ಅಂಗಿಯ ಜೇಬಿನಲ್ಲೂ ಅವಳ ನಂಬರಿನ ಸಣ್ಣ ಚೀಟಿ ಹೋಗುತ್ತಿತ್ತು. ಗುಂಡಿ ಬಿದ್ದರೆ ಎಲ್ಲಿಂದಾದರೂ ಆ ಚೀಟಿ ಹುಡುಕಿಕೊಂಡು ವಾಪಸು ಬರುತ್ತಿತ್ತು ಎಂದು ಅವಳೇ ಹೇಳಿದ್ದಳು. ನನ್ನ ಟಿಕ್ಕು ಅಣ್ಣನ ಜೇಬಿಗೆ ಹೋಗಿತ್ತು.

ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋದೆ. ಹೊಸ ಇನ್‌ಚಾರ್ಜ್ ಆಗಲೇ ಬಂದು ಗ್ರಾಹಕರ ರಿಪೋರ್ಟ್ ಟೈಪು ಮಾಡುತ್ತಿದ್ದರು. ದಾರಿಯುದ್ದಕ್ಕೂ ವಾಕ್ಯ ಕಟ್ಟಿಕೊಂಡು ಬಂದಿದ್ದೆ. 'ರಿಂಗಿನಲ್ಲಿ ಸ್ವಲ್ಪ ಕೊಳೆ ಆಗಿದೆ.' 'ತೊಳೆಯುವುದು ಬಿಟ್ಟುಹೋಗಿದೆ.' ಎಲ್ಲವೂ ಯಾರೂ ಮಾಡದ, ತಾನೇ ಆದ ಕೆಲಸಗಳು. ಬಾಯಿ ತೆರೆದೆ, ಅವು ಯಾವುವೂ ಬರಲಿಲ್ಲ.

"ನೀವು ಅವತ್ತು ಕೇಳಿದ್ರಲ್ಲ" ಎಂದೆ. ನೀವು. ಬಂದುಬಿಟ್ಟಿತು. "ರಿಂಗು ನಾನೇ ಹಾಳು ಮಾಡಿದ್ದು. ಪೂಜೆ ದಿನ ಅರಿಶಿನ ಒಳಗೆ ಹೋಯ್ತು. ನಾನು ತೊಳೀಲಿಲ್ಲ. ಆಮೇಲೂ ತೊಳೀಲಿಲ್ಲ. ಟಿಕ್ ಹಾಕ್ತಾ ಇದ್ದೆ."

ಬಟ್ಟೆಯನ್ನು, ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಅವರು ರಿಂಗನ್ನು ತೆಗೆದು ದೀಪಕ್ಕೆ ಹಿಡಿದರು. ಇಬ್ಬರೂ ಯಂತ್ರದ ಹತ್ತಿರ ಹೋದೆವು. ಕೊಳೆಯ ರಿಂಗಿನಿಂದ ಮುಳ್ಳನ್ನು ಸೊನ್ನೆಗೆ ಕೂರಿಸಿದೆ. ಅವರೆದುರೇ ಸ್ಪಿರಿಟ್ ಹಾಕಿ, ಮೂರು ಬಟ್ಟೆ ಬದಲಾಯಿಸಿ ತೊಳೆದು ಮತ್ತೆ ಇಟ್ಟೆ. ಮುಳ್ಳು ಸೊನ್ನೆ ದಾಟಿ ನಾಲ್ಕರ ಮೇಲೆ ನಿಂತಿತು.

"ಥೂ" ಎಂದರು ಅವರು. ನಾನು ಅವರ ಬಾಯಲ್ಲಿ ಅಂಥ ಮಾತು ಕೇಳಿದ್ದು ಅದೇ ಮೊದಲು. "ಆ ಯಜಮಾನ್ರ ಕೈಲಿ ಬರೆಸಿಬಿಟ್ವಲ್ಲ ಮೇಡಂ. ನಾನು ರಿಂಗ್ ನೋಡೇ ತೀರ್ತೀನಿ ಅಂತ ಕೂತ್ಕೋಬೇಕಿತ್ತು. ನಿಮಗೆ ಹೆದರಿದೆ."

ನಾನು ರಿಂಗಿಗೆ ಎಣ್ಣೆ ಸವರಿ ಡಬ್ಬಿಯಲ್ಲಿಟ್ಟೆ.

ಅವರು ವಾಪಸು ಬಂದು ಕೀಬೋರ್ಡಿನ ಮುಂದೆ ಕೂತು, ಬೇರೆ ದನಿಯಲ್ಲಿ ಹೇಳಿದರು. "ಒಂದು ಕೆಲಸ ಮಾಡಣ. 'ಮಾಸ್ಟರ್ ರಿಂಗ್ ಸ್ವಚ್ಛತೆಯಲ್ಲಿ ಕೊರತೆ ಕಂಡುಬಂದಿದೆ, ಸರಿಪಡಿಸಲಾಗಿದೆ' ಅಂತ ಹಾಕ್ತೀನಿ. ಯಾರ ಹೆಸರೂ ಬೇಡ. ಅಣ್ಣಂದೂ ಬೇಡ, ನಿಮ್ದೂ ಬೇಡ. ವಿಭಾಗದ ತಪ್ಪು ಅಂತ ಹೋಗ್ಲಿ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ತಲೆಯಾಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹೆಸರಿಲ್ಲದ ತಪ್ಪಿಗೆ ಕಾರ್ಖಾನೆಯಲ್ಲಿ ಜನ ತಾವೇ ಹೆಸರು ಹುಡುಕುತ್ತಾರೆ, ಅಣ್ಣನ ಹೆಸರು ಆಗಲೇ ಎಲ್ಲರ ಬಾಯಲ್ಲಿತ್ತು. ಇನ್ನೊಂದನ್ನೂ ಹೇಳಬೇಕು. ಇವರು ನನ್ನನ್ನು ಉಳಿಸಿದರು ಎಂಬುದನ್ನು ಹೊತ್ತುಕೊಂಡು ಇದೇ ಕೋಣೆಯಲ್ಲಿ ವರ್ಷಗಟ್ಟಲೆ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಒಪ್ಪಿಕೊಂಡದ್ದರಲ್ಲಿ ಎಷ್ಟು ನ್ಯಾಯ, ಎಷ್ಟು ಹಟ ಎಂದು ನಾನು ಇವತ್ತಿಗೂ ಬಿಡಿಸಿ ನೋಡಿಲ್ಲ.

"ಬೇಡ. ನಾನು ಬರೀತೀನಿ" ಎಂದೆ.

ಅಣ್ಣನದರಂಥದೇ ರೂಲು ಹಾಕಿದ ಹಾಳೆಯಲ್ಲಿ ಬರೆದೆ. 'ನಾನು ರಿಂಗಿಗೆ ಅರಿಶಿನ ಹಚ್ಚಿದೆ. ನಾನು ತೊಳೆಯಲಿಲ್ಲ. ತೊಳೆದಂತೆ ನಾನು ಗುರುತು ಹಾಕಿದೆ. ಹೋನಿಂಗ್ ಆಪರೇಟರ್ ಅಳೆದ ರೀತಿಯಲ್ಲಿ ತಪ್ಪಿಲ್ಲ.' ಸಹಿ ಹಾಕಿ, ಒಂದು ಕ್ಷಣ ತಡೆದು, ಬಿ.ಇ. ಎಂದೂ ಬರೆದೆ. ಅದೂ ನಾನೇ ತಾನೆ.

ಮ್ಯಾನೇಜರ್ ಓದಿ ಕನ್ನಡಕ ತೆಗೆದರು. ಕೂಗಾಡುತ್ತಾರೆ ಅಂದುಕೊಂಡಿದ್ದೆ. "ಇದಕ್ಕೇನಮ್ಮ ನಿನ್ನ ಓದಿಸಿದ್ದು?" ಎಂದಷ್ಟೇ ಕೇಳಿದರು. ಗೇಜ್ ರೂಮಿನ ಬೀಗದ ಕೈ ಇಸಿದುಕೊಂಡರು. ಮೆಮೊ ಕೊಟ್ಟರು. ಕೊನೆಯ ತಪಾಸಣೆಯ ಬೆಂಚಿಗೆ ಹಾಕಿದರು, ದಿನವಿಡೀ ನಿಂತು ಪೀಸು ನೋಡುವ ಕೆಲಸ, ಹೊಸ ಇನ್‌ಚಾರ್ಜ್ ಅವರ ಮೇಜಿನಿಂದ ಎಂಟು ಅಡಿ ದೂರ. ಗ್ರಾಹಕರ ಹತ್ತಿರವಿದ್ದ ಲಾಟನ್ನು ವಾಪಸು ತರಿಸಿ, ಒಂದೊಂದನ್ನೂ ಮತ್ತೆ ಉಜ್ಜಿ ಅಳತೆಗೆ ತಂದೆವು. ಅಣ್ಣ ಉಜ್ಜಿದರು, ನಾನು ಅಳೆದೆ. ಹನ್ನೊಂದು ದಿನ.

ತಪ್ಪೊಪ್ಪಿಗೆಯ ಹಾಳೆಯನ್ನು ಮ್ಯಾನೇಜರ್ ಅಣ್ಣನಿಗೆ ಹಿಂತಿರುಗಿಸಿದ್ದರು. ಅವರು ಅದನ್ನು ಹರಿಯಲಿಲ್ಲ. ನಾಲ್ಕು ಮಡಿಕೆ ಮಾಡಿ ಸವೆದ ಪ್ಲಗ್ಗಿನ ಜೊತೆ ಪೆಟ್ಟಿಗೆಯಲ್ಲಿ ಇಟ್ಟರು. ನಾನು ಎದುರು ನಿಂತು, "ತಪ್ಪಾಯ್ತು ಅಣ್ಣ" ಎಂದೆ.

"ಅಕ್ಸರ ಸಂದಾಗಿತ್ತು ಮೇಡಂ" ಎಂದರು. "ನೀವು ಓದಿದ್ದು ಕೇಳ್ತಾ ಕೇಳ್ತಾ ನಾನೇ ಮಾಡಿರ್ಬೋದೇನೋ ಅನ್ನುಸ್ಬುಡ್ತು." ನಗಲಿಲ್ಲ. ಪೀಸನ್ನು ಬಕೆಟ್ಟಿನಿಂದ ಎತ್ತಿ ನನ್ನ ಕಡೆ ತಳ್ಳಿದರು. "ಅಳೀರಿ."

ಬೀಗದ ಕೈ ಕೊಟ್ಟ ದಿನ ಸಂಜೆ ಮನೆಗೆ ಹೋದಾಗ ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. ಎದುರು ಕೂತು ಒಂದು ಕಂತೆ ಎಳೆದುಕೊಂಡೆ.

"ಅಮ್ಮ, ಅವತ್ತು ಕಾಯಿ ಒಡೆದಿದ್ದು ನಾನಲ್ಲ."

ಅವಳ ಬೆರಳು ನಿಂತವು. "ಮತ್ತೆ ಹೋಳು?"

"ಕಾಯಿ ನಾನು ತಂದಿದ್ದೆ. ಅವರು ಒಡೆದ್ರು. ಅರ್ಧ ನನಗೆ ಕೊಟ್ರು."

ಅಮ್ಮ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು. "ಚಟ್ನಿ ಮಾಡಿ ತಿಂದೂ ಆಯ್ತಲ್ಲೇ" ಎಂದಳು. ಆಮೇಲೆ ಉಳಿದದ್ದನ್ನೂ ಹೇಳಿದೆ, ರಿಂಗು, ಟಿಕ್ಕು, ಅಣ್ಣನ ಕಾಗದ, ಬೀಗದ ಕೈ. ಅವಳು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಎದ್ದು, ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಹೋದಳು. ಓನರ್ ಆಂಟಿ ನಲ್ಲಿಯ ಹತ್ತಿರ ಇದ್ದರು. ಅಮ್ಮನ ದನಿ ಕೇಳಿಸಿತು.

"ನೋಡಿ, ನಮ್ಮ ಹುಡುಗಿ ಇನ್‌ಚಾರ್ಜ್ ಆಗಿಲ್ವಂತೆ. ನಂಗೇ ಬುದ್ಧಿ ಇಲ್ಲ, ಅವಳೇನೋ ಅಂದ್ರೆ ನಾನೇನೋ ತಿಳ್ಕೊಂಡು ನಿಮಗೆಲ್ಲ ಹೇಳ್ಕೊಂಡು ತಿರುಗಿದೆ. ನನ್ನದೇ ತಪ್ಪು."

ಒಳಗೆ ಕೂತಿದ್ದೆ. ಹೊರಗೆ ಬರುವ ಅಗತ್ಯವೇ ಇರಲಿಲ್ಲ. ಕೆಲಸ ಮುಗಿದಿತ್ತು, ನನ್ನ ಹೆಸರಿಗೆ ಏನೂ ಅಂಟಿರಲಿಲ್ಲ. ಸೊಪ್ಪಿನ ಕಡ್ಡಿ ಕೈಯಲ್ಲೇ ಇತ್ತು. ಬರಿಗಾಲಲ್ಲೇ ಎದ್ದು ಹೋದೆ.

"ಅಮ್ಮ ತಪ್ಪು ತಿಳ್ಕೊಂಡಿದ್ದಲ್ಲ ಆಂಟಿ. ನಾನು ಹೇಳಿರ್ಲಿಲ್ಲ."

ಆಂಟಿ ನನ್ನನ್ನು ನೋಡಿದರು, ಅಮ್ಮನನ್ನು ನೋಡಿದರು. ನಲ್ಲಿಯಲ್ಲಿ ಗಾಳಿ ಬುಸುಗುಟ್ಟಿ ನೀರು ಬರತೊಡಗಿತು.

"ಅಂಗಾದ್ರೆ ನನ್ ಮಗಳ ಕೆಲಸ?"

"ನಾನು ಕೊಡ್ಸೋಕೆ ಆಗಲ್ಲ. ನಮ್ಮ ಇನ್‌ಚಾರ್ಜ್ ಹತ್ರ ಕರ್ಕೊಂಡು ಹೋಗ್ತೀನಿ. ಅವರನ್ನ ಕೇಳ್ತೀನಿ."

"ಕೇಳು ಮತ್ತೆ" ಎಂದು ಆಂಟಿ ತಮ್ಮ ಬಿಂದಿಗೆಯನ್ನು ನಲ್ಲಿಯ ಕೆಳಗೆ ಸರಿಸಿದರು. "ಒಳಗಿಂದ ನಿಮ್ಮ ಬಿಂದಿಗೆ ತಾ, ನೀರು ನಿಂತೋಗ್ತದೆ."